ಕರೆಂಟ್ ಮಡಕೆಯ ಕೋಳಿಸಾರು

ಅಡುಗೆ ಅಂದರೆ ನನಗೆ ಆಗುವುದಿಲ್ಲ. ಬರುವುದಿಲ್ಲ ಅಂತಲ್ಲ, ಆಗುವುದಿಲ್ಲ. ಈರುಳ್ಳಿ ಹೆಚ್ಚುವಾಗ, ಒಗ್ಗರಣೆ ಸಿಡಿಯುವಾಗ, ಕುಕ್ಕರಿನ ಕೂಗು ಎಣಿಸುತ್ತಾ ನಿಂತಿರುವಾಗ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಕೇಳಿದರೆ ಹೇಳಲಾರೆ. ಎರಡು ಗಂಟೆ ಬೇಯಿಸಿದ್ದನ್ನು ಹತ್ತು ನಿಮಿಷದಲ್ಲಿ ತಿಂದು ಎದ್ದುಹೋಗುವವರ ಮೇಲಿರಬಹುದು, ಆಮೇಲೆ ಬಚ್ಚಲಲ್ಲಿ ರಾಶಿ ಬೀಳುವ ಪಾತ್ರೆಗಳ ಮೇಲಿರಬಹುದು. ಮದುವೆಯಾಗಿ ಬಂದ ಮೂರನೇ ದಿನಕ್ಕೇ ನಮ್ಮತ್ತೆಗೆ ಇದು ಗೊತ್ತಾಗಿಹೋಯಿತು. ನಾನು ಹೆಚ್ಚಿದ ಬದನೆಕಾಯಿ ನೋಡಿ, “ಯಾರ ಮ್ಯಾಲಿನ ಸಿಟ್ಟು ತಾಯಿ, ಇದರ ಮ್ಯಾಲೆ ತೀರಿಸ್ಕೊಂಡಿದೀಯಾ?” ಅಂದರು. ನನ್ನನ್ನು ಈಳಿಗೆಮಣೆಯಿಂದ ಎಬ್ಬಿಸಿ ತಾವು ಕೂತರು. ಆಮೇಲೆ ಹದಿನೇಳು ವರ್ಷ ಆ ಮಣೆಯನ್ನು ನನಗೆ ಬಿಟ್ಟುಕೊಡಲಿಲ್ಲ.

ನಾನೂ ಕೇಳಲಿಲ್ಲ ಅನ್ನಿ. ನಮ್ಮದು ತ್ಯಾಮಗೊಂಡ್ಲು ಕಡೆಯ ಹಳ್ಳಿ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿ ದಾಬಸ್‌ಪೇಟೆಯ ವೇರ್‌ಹೌಸಿಗೆ ಹೋದರೆ ಮನೆ ಸೇರುವುದು ಸಂಜೆ ಆರರ ಮೇಲೆ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಮಗಳು ನೆಲಮಂಗಲದ ಕಾಲೇಜಿಗೆ ಹೋಗುತ್ತಾಳೆ. ಬಾಗಿಲು ತೆಗೆದರೆ ಒಳಗೆ ಅತ್ತೆ, ಒಲೆಯ ಮೇಲೆ ಸಾರು. “ಅತ್ತೆ, ಬಂದೆ” ಅಂದರೆ ಒಳಗಿನಿಂದ “ಕೈಕಾಲು ತೊಳ್ಕೊ, ಮುದ್ದೆ ಕಟ್ತೀನಿ” ಅಂತ ಬರುತ್ತಿತ್ತು. ನನ್ನ ಪಾಲಿನ ಸಂಸಾರಸುಖ ಅಂದರೆ ಆ ಒಂದು ಮಾತು.

ಅವರು ಮಾಡುತ್ತಿದ್ದ ನಾಟಿಕೋಳಿ ಸಾರನ್ನು ವರ್ಣಿಸುವುದು ನನ್ನಿಂದಾಗದ ಕೆಲಸ. ಒಂದು ಸಂಗತಿ ಮಾತ್ರ ಹೇಳಬೇಕು. ಅವರು ಯಾವತ್ತೂ ಸಾರಿನ ರುಚಿ ನೋಡುತ್ತಿರಲಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಮೂಗಿನಿಂದ ಒಂದು ಸಲ ಎಳೆದುಕೊಂಡು, “ಉಪ್ಪು ಇನ್ನೊಂಚೂರು ಬೇಕು” ಅನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ ಅತ್ತೆ ಅಂತ ನಾನು ನಗುತ್ತಿದ್ದೆ. “ಹಾಕಿದ್ರೆ ಸಾರಿನ ವಾಸ್ನೆ ಒಂದ್ ಥರ, ಹಾಕ್ದಿದ್ರೆ ಒಂದ್ ಥರ. ಒಲೆ ಮುಂದೆ ನಿಂತವಳಿಗೆ ತಿಳೀತದೆ, ಬಸ್ಸಲ್ಲಿ ಕೂತವಳಿಗೆಲ್ಲಿ ತಿಳೀತದೆ” ಅಂತ ನನಗೇ ತಿರುಗಿಸಿ ಹೊಡೆಯುತ್ತಿದ್ದರು. ಮಾತಿನಲ್ಲಿ ಅವರನ್ನು ಗೆದ್ದವರಿರಲಿಲ್ಲ.

ವೇರ್‌ಹೌಸಿನಲ್ಲಿ ನನ್ನ ಕೆಲಸ ವಾಪಸು ಬಂದ ಸಾಮಾನು ನೋಡುವುದು. ಜನ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ, ಬೇಡವಾಗಿ ಹಿಂದಕ್ಕೆ ಕಳಿಸುತ್ತಾರೆ. ಅದನ್ನು ಬಿಚ್ಚಿ, ಒಡೆದಿದೆಯೋ ನೆಟ್ಟಗಿದೆಯೋ ನೋಡಿ ಸ್ಟಿಕ್ಕರ್ ಅಂಟಿಸಬೇಕು. ಒಂದು ಆಯುಧಪೂಜೆಗೆ, ಡಬ್ಬ ಜಜ್ಜಿಹೋದ ಸಾಮಾನುಗಳನ್ನೆಲ್ಲ ಚೀಟಿ ಎತ್ತಿಸಿ ಕೆಲಸದವರಿಗೆ ಹಂಚಿದರು. ಪಕ್ಕದ ಟೇಬಲಿನವಳಿಗೆ ಫ್ಯಾನು ಬಂತು. ನನಗೆ ಸ್ಲೋ ಕುಕ್ಕರ್. ನನ್ನ ಹಣೆಬರಹ ನೋಡಿ, ಅಡುಗೆ ಕಂಡರಾಗದವಳಿಗೆ ಅಡುಗೆ ಪಾತ್ರೆ!

ಮನೆಗೆ ತಂದಾಗ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಳಗೆ ಕಪ್ಪು ಪಿಂಗಾಣಿಯ ಭಾರದ ಮಡಕೆ, ಮೇಲೆ ಗಾಜಿನ ಮುಚ್ಚಳ, ಹೊರಗೆ ಒಂದು ಗುಂಡಿ, ಒಂದು ಕೆಂಪು ದೀಪ.

“ಕರೆಂಟ್ ಮಡಕೆ ಅನ್ನು. ಎಷ್ಟೊತ್ತಿಗೆ ಬೇಯ್ಸುತ್ತೆ ಇದು?”

“ಎಂಟು ಗಂಟೆ ಅಂತೆ ಅತ್ತೆ, ಆಮೇಲೆ ತಾನೇ ಬಿಸಿಯಾಗಿ ಇಟ್ಟಿರುತ್ತಂತೆ. ಎಲ್ಲಾ ಹಾಕಿ ಮುಚ್ಚಿಟ್ಟು ಹೋಗಿಬಿಡೋದಂತೆ. ಮುಚ್ಚಳ ತೆಗೀಬಾರದಂತೆ.”

“ಎಂಟು ಗಂಟೆನಾ! ಅಷ್ಟೊತ್ತಿಗೆ ಒಳಗಿರೋ ಕೋಳಿ ಮೊಟ್ಟೆ ಇಟ್ಟು ಕಾವಿಗೂ ಕೂತಿರ್ತದೆ ಕಣೇ.” ತಾವೇ ನಕ್ಕು, “ನಿನ್ನ ಥರಾನೇ ಬಿಡು, ಒಲೆ ಮುಂದೆ ಸೋಮಾರಿ” ಅಂದರು.

ನಾನು ಅದನ್ನು ಡಬ್ಬಕ್ಕೆ ತುಂಬಿ ಚಿಕ್ಕ ಕೋಣೆಯ ಸಜ್ಜಾದ ಮೇಲೆ ಎತ್ತಿಟ್ಟೆ. ಅತ್ತೆ ಇರುವ ಮನೆಗೆ ಅದೆಲ್ಲ ಯಾಕೆ?

ಮುಂದಿನ ಶಿವರಾತ್ರಿಯ ಹೊತ್ತಿಗೆ ಅತ್ತೆಯ ಕಾಲು ಬಾತುಕೊಂಡವು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಹೃದಯ ಸೋತಿದೆ ಅಂದರು, ಮಾತ್ರೆ ಬರೆದರು, ಉಪ್ಪು ಬಿಡಿಸಿ ಅಂದರು. ಮಗಳು ನೋಟ್‌ಬುಕ್ಕಿನ ಹಾಳೆ ಹರಿದು, ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಅಜ್ಜಿಗೆ ಉಪ್ಪು ಹಾಕಬೇಡಿ’ ಅಂತ ದೊಡ್ಡದಾಗಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಚಿಕ್ಕ ಕೋಣೆಯಲ್ಲಿ, ಸಜ್ಜಾದ ಕೆಳಗೆ ಅತ್ತೆಗೆ ಮಂಚ ಹಾಕಿದೆವು. ಈಳಿಗೆಮಣೆ ನನ್ನ ಕೈಗೆ ಬಂತು.

ಒಂದೇ ಮನೆಗೆ ಎರಡೆರಡು ಅಡುಗೆ ಮಾಡುವ ಜನ್ಮ ನನ್ನದಲ್ಲ. ಹಾಗಾಗಿ ಪಾತ್ರೆಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದೆ. ಎಲ್ಲರಿಗೂ ಸಪ್ಪೆ ಸಾರು. ಉಪ್ಪಿನ ಭರಣಿಯನ್ನು ಅಡುಗೆಮನೆಯಿಂದ ತಂದು ಊಟಕ್ಕೆ ಕೂರುವ ಜಾಗದಲ್ಲಿಟ್ಟೆ. ಬೇಕಾದವರು ತಟ್ಟೆಗೆ ಹಾಕಿಕೊಂಡು ಕಲಸಿಕೊಳ್ಳಿ ಅಂದೆ. ಎಷ್ಟು ಜಾಣೆ ನಾನು ಅಂತ ಆಗ ಅನ್ನಿಸಿತ್ತು. ಅತ್ತೆ ಮಂಚದ ಮೇಲೆ ಒರಗಿಕೊಂಡು, ಬಾಗಿಲಿನಿಂದ ಕಾಣುವಷ್ಟು ದೂರದಲ್ಲಿ ನಾವು ಒಬ್ಬರಾದ ಮೇಲೊಬ್ಬರು ಭರಣಿಗೆ ಚಮಚ ಹಾಕುವುದನ್ನು ನೋಡುತ್ತಿದ್ದರು. ಹನ್ನೊಂದು ತಿಂಗಳು, ದಿನಾ ನೋಡಿದರು. ಅದು ಎಂಥ ಶಿಕ್ಷೆ ಅಂತ ನನಗೆ ಹೊಳೆಯಲೇ ಇಲ್ಲ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅತ್ತೆ ತೀರಿಕೊಳ್ಳುವ ಮುಂಚಿನ ಮಾರ್ಗಶಿರದಲ್ಲಿ ಒಂದು ದಿನ ನಾಟಿಕೋಳಿ ಸಾರು ಕೇಳಿದರು. ಹಲ್ಲು ಅಷ್ಟೊತ್ತಿಗೆ ಮುಂದಿನ ಎರಡೋ ಮೂರೋ ಉಳಿದಿದ್ದವು. ಬೆಳಿಗ್ಗೆ ಬಸ್ಸಿಗೆ ಮುಂಚೆ ಮಾಡಿಬಿಡೋಣ ಅಂತ ಕೋಳಿಯನ್ನು ಪ್ರೆಷರ್ ಕುಕ್ಕರಿಗೆ ಹಾಕಿದೆ. ಅದು ಬಲಿತ ಕೋಳಿ, ಹತ್ತು ಕೂಗಾದರೂ ಬೇಕಿತ್ತು. ನಾಲ್ಕನೇ ಕೂಗಿಗೆ ಬಸ್ಸಿನ ಹಾರ್ನ್ ಕೇಳಿಸಿತು. ಇಳಿಸಿ, ತಟ್ಟೆಗೆ ಹಾಕಿ, ಅವರ ಮುಂದಿಟ್ಟು ಚಪ್ಪಲಿ ಮೆಟ್ಟಿದೆ. ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡು ಆ ಕಡೆ ಈ ಕಡೆ ಹೊರಳಿಸಿ, ಹೊರಗೆ ತೆಗೆದು ತಟ್ಟೆಯ ಅಂಚಿಗಿಟ್ಟರು.

“ಒಂದ್ಸಲ, ಮೂಳೆ ಬಿಟ್ಕೊಂಡು ಬರೋ ಹಂಗೆ ಬೇಯ್ಸೇ ತಾಯಿ. ಒಂದು ಚಿಟಿಕೆ ಉಪ್ಪು ಹಾಕು. ಆಮ್ಯಾಕೆ ಏನಾರ ಆಗ್ಲಿ.”

“ಭಾನುವಾರ ಮಾಡ್ತೀನಿ ಅತ್ತೆ” ಅಂದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಲಗಿದಲ್ಲಿಂದಲೇ ಮೇಲೆ ನೋಡಿ, “ಆ ಡಬ್ಬದಾಗೆ ಏನೈತೆ? ದಿನಾ ನೋಡ್ತೀನಿ” ಅಂತ ಕೇಳಿದರು. “ಏನೋ ಹಳೇ ಪಾತ್ರೆ ಅತ್ತೆ, ಬಸ್ಸು ಬಂತು” ಅಂತ ಓಡಿದೆ.

ಆ ಭಾನುವಾರ ವೇರ್‌ಹೌಸಿನಲ್ಲಿ ಸ್ಟಾಕ್ ನೋಡುವುದಿತ್ತು. ಅದರ ಮುಂದಿನ ಭಾನುವಾರ ನಾದಿನಿಯ ಮನೆಯಲ್ಲಿ ನಾಮಕರಣ. ಅದರಾಚೆಯದು ಏನಿತ್ತೋ ಮರೆತಿದೆ, ಸುಮ್ಮನೆ ಸುಸ್ತಾಗಿ ಮಲಗಿದ್ದಿರಬೇಕು. ಸಂಕ್ರಾಂತಿ ಕಳೆದ ಐದನೇ ದಿನ, ಗುರುವಾರ ಮಧ್ಯಾಹ್ನ, ನಾನು ಯಾರೋ ವಾಪಸು ಕಳಿಸಿದ ಮಗುವಿನ ಶೂ ಬಿಚ್ಚಿ ನೋಡುತ್ತಿದ್ದಾಗ ಯಜಮಾನರ ಫೋನ್ ಬಂತು.

ಆಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು ಹಾಲು ಕಾಯಿಸುವುದಕ್ಕೆ, ಅನ್ನಕ್ಕೆ, ಅಷ್ಟೇ. ಹೋಟೆಲಿನ ಪಾರ್ಸಲ್ ತಿಂದು ತಿಂದು ಯಜಮಾನರಿಗೆ ಎದೆಯುರಿ ಶುರುವಾಯಿತು. ಮಗಳು ಒಂದು ದಿನ ಪಾರ್ಸಲ್ ಕವರನ್ನು ನೆಲಕ್ಕೆ ಎಸೆದು, “ಅಮ್ಮ, ಮನೆ ಊಟ ಅನ್ನೋದು ಅಜ್ಜಿ ಜೊತೆಗೇ ಹೋಯ್ತಾ?” ಅಂದಳು. ಸಿಟ್ಟು ಬಂತು, ಅಳುವೂ ಬಂತು. ಯುಗಾದಿ ಆದ ಮೇಲೆ ಸ್ಟೂಲು ಹಾಕಿಕೊಂಡು, ಖಾಲಿ ಮಂಚದ ಮೇಲಿನ ಸಜ್ಜಾದಿಂದ ಡಬ್ಬ ಇಳಿಸಿದೆ.

ಮೊದಲ ದಿನ ಬ್ರಾಯ್ಲರ್ ಕೋಳಿ. ಬೆಳಿಗ್ಗೆ ಆರಕ್ಕೆ ಕೋಳಿ ತೊಳೆದು ಮಡಕೆಗೆ ಹಾಕಿದೆ. ಎರಡು ಈರುಳ್ಳಿಯನ್ನು ಅಡ್ಡಾದಿಡ್ಡಿ ಸೀಳಿ ಹಾಕಿದೆ, ಎರಡು ಟೊಮೇಟೊ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಅತ್ತೆ ಮಾಡಿಟ್ಟಿದ್ದ ಖಾರದ ಪುಡಿ ಡಬ್ಬದ ತಳದಲ್ಲಿ ಉಳಿದಿದ್ದನ್ನು ಎರಡು ಚಮಚ. ಒಗ್ಗರಣೆಯಿಲ್ಲ, ಹುರಿಯುವುದಿಲ್ಲ, ಕೂಗು ಎಣಿಸುವುದಿಲ್ಲ. ಅರ್ಧ ಲೋಟ ನೀರು, ಮುಚ್ಚಳ, ಗುಂಡಿ. ಕೆಂಪು ದೀಪ ಹತ್ತಿತು. ನಾನು ಬೀಗ ಹಾಕಿ ಬಸ್ಸು ಹತ್ತಿದೆ.

ಸಂಜೆ ಬೀಗ ತೆಗೆದೆ. ಬಾಗಿಲು ಒಂದು ಗೇಣು ತೆರೆದಿತ್ತಷ್ಟೇ, ವಾಸನೆ ಬಂದು ಮುಖಕ್ಕೆ ಬಡಿಯಿತು. ಅತ್ತೆಯ ಸಾರಿನ ವಾಸನೆ. ಒಳಗೆ ಯಾರೋ ಹೊತ್ತಿನಿಂದ ನಿಂತು ಅಡುಗೆ ಮಾಡಿದ ಮನೆಯ ವಾಸನೆ. ಒಂದು ಕಾಲು ಹೊಸ್ತಿಲ ಒಳಗಿಟ್ಟಿದ್ದೆ, ಬಾಯಿ ತಾನಾಗಿ, “ಅತ್ತೆ, ಬಂದೆ” ಅಂದುಬಿಟ್ಟಿತು.

ಅಡುಗೆಮನೆಯಿಂದ ಟಕ್ ಅಂತ ಸದ್ದು ಬಂತು. ಬಾಗಿಲಲ್ಲೇ ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಆವಿಗೆ ಗಾಜಿನ ಮುಚ್ಚಳ ಎದ್ದು ಕೂರುತ್ತಿತ್ತು, ಇನ್ನೇನಿಲ್ಲ. ಅಷ್ಟು ಗೊತ್ತಿದ್ದರೂ ಅಡುಗೆಮನೆಯ ದೀಪ ಹಾಕಲು ನನಗೆ ಐದು ನಿಮಿಷ ಬೇಕಾಯಿತು. ಕತ್ತಲಲ್ಲಿ ಆ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು.

ಮಗಳಿಗೂ ಹಾಗೇ ಆಯಿತು. ಒಂದು ದಿನ ನನಗಿಂತ ಮುಂಚೆ ಬಂದವಳು ಜಗುಲಿಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದಳು. “ಒಳಗೆ ಹೋಗೋಕ್ ಆಗ್ಲಿಲ್ಲ ಅಮ್ಮ. ಅಜ್ಜಿ ಇದಾರೆ ಅನ್ಸುತ್ತೆ. ಹೋದ್ರೆ ಇರಲ್ಲ” ಅಂದಳು. ಯಜಮಾನರು ಊಟಕ್ಕೆ ಕೂತಾಗ ಚಿಕ್ಕ ಕೋಣೆಯ ಕಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡರು.

ಹೆದರಿಕೆ ಇದ್ದರೂ ನಾನು ಆ ಮಡಕೆಯನ್ನು ಬಿಡಲಿಲ್ಲ. ಯಾಕೆ ಬಿಡಲಿ? ಅಡುಗೆ ಮಾಡದೆ ಅಡುಗೆ ಆಗುತ್ತಿತ್ತು. ಮೊಸರು ಮೆಣಸು ಹಾಕಿ ಇಟ್ಟುಹೋದರೆ ಒಂದು ಥರ ಕೋಳಿ, ಮೆಂತ್ಯಸೊಪ್ಪು ಒಂದು ಹಿಡಿ ಹಾಕಿದರೆ ಇನ್ನೊಂದು ಥರ. ಆಲೂಗೆಡ್ಡೆ ಅಡಿಯಲ್ಲಿಟ್ಟು ಮೇಲೆ ಕೋಳಿ ಹರಡಿದರೆ ಅವತ್ತು ಪಲ್ಯದ ಗೋಜೇ ಇಲ್ಲ. ಬ್ರಾಯ್ಲರ್ ಎಂಟು ಗಂಟೆ ತಡೆಯುವುದಿಲ್ಲ, ನಾರು ನಾರಾಗಿ ಕರಗಿಹೋಗುತ್ತದೆ, ಅದಕ್ಕೆ ದೊಡ್ಡ ತುಂಡು ಹಾಕಿ ಕಡಿಮೆ ಕಾವಿನಲ್ಲೇ ಇಡಬೇಕು ಅನ್ನುವುದನ್ನು ಹಾಳು ಮಾಡಿಯೇ ಕಲಿತೆ. ಒಂದು ದಿನ ಕರೆಂಟು ಮಧ್ಯಾಹ್ನವೆಲ್ಲ ಹೋಗಿ, ಅರೆಬೆಂದು ಕೆಟ್ಟ ಕೋಳಿಯನ್ನು ಹಿತ್ತಲಿನಲ್ಲಿ ಗುಂಡಿ ತೋಡಿ ಮುಚ್ಚಿದೆ. ಉಳಿದಂತೆ ನನಗೂ ಅದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು. ಉಪ್ಪು ಎಂದಿನಂತೆ ಭರಣಿಯಿಂದ ತಟ್ಟೆಗೆ. ಆ ಅಭ್ಯಾಸ ಬದಲಾಯಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆಷಾಢದಲ್ಲಿ ಯಜಮಾನರು ಬಾಡಿಗೆ ಹೋದ ತೋಟದವರು ಒಂದು ಮುದಿ ನಾಟಿಕೋಳಿ ಕೊಟ್ಟು ಕಳಿಸಿದರು. ಮೊಟ್ಟೆ ನಿಲ್ಲಿಸಿ ವರ್ಷವಾದ ಕೋಳಿ, ಬೇಯಿಸಿದರೆ ಚಪ್ಪಲಿ ಆಗುತ್ತದೆ ಅಂತ ಗೊಣಗುತ್ತಲೇ ಮಡಕೆಗೆ ಹಾಕಿ ಹೋದೆ. ಸಂಜೆ ಮುಚ್ಚಳ ತೆಗೆದು ಕಾಲಿನ ತುಂಡನ್ನು ಸೌಟಿನಿಂದ ಎತ್ತಿದರೆ ಮೂಳೆ ಮಾತ್ರ ಮೇಲೆ ಬಂತು. ಮಾಂಸ ಕೆಳಗೇ ಉಳಿಯಿತು. ಬೆಣ್ಣೆಯ ಹಾಗೆ. ಹಲ್ಲೇ ಬೇಡ, ನಾಲಿಗೆ ಸಾಕು.

ಆ ಬರೀ ಮೂಳೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹನ್ನೊಂದು ತಿಂಗಳು ಈ ಮಡಕೆ ಅವರ ತಲೆಯ ಮೇಲೆಯೇ ಇತ್ತು. ಏನೈತೆ ಅಂತ ಅವರೇ ಕೇಳಿದ್ದರು. ಹಿಂದಿನ ರಾತ್ರಿ ಇಳಿಸಿ, ಬೆಳಿಗ್ಗೆ ಒಂದು ಗುಂಡಿ ತಿರುಗಿಸಿದ್ದರೆ ಅವತ್ತೇ ಆಗುತ್ತಿತ್ತು. ಅದಕ್ಕೆ ಭಾನುವಾರವೂ ಬೇಕಿರಲಿಲ್ಲ. ನನಗೆ ಅಡುಗೆ ಕಂಡರಾಗದ ಒಂದೇ ಕಾರಣಕ್ಕೆ ಆ ಜೀವ ಗಟ್ಟಿ ತುಂಡು ಉಗುಳಿ ಹೋಯಿತು. ಆ ಸಂಜೆ ನಾನು ಅತ್ತಷ್ಟು ಅವರು ತೀರಿಕೊಂಡ ದಿನವೂ ಅತ್ತಿರಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ. ಹಿರಿಯರ ಹಬ್ಬಕ್ಕೆ ಅತ್ತೆಯ ಎಡೆಗೆ ಕೋಳಿಸಾರು ನಾನೇ ಮಾಡಬೇಕು. ಈ ಮಡಕೆಯಲ್ಲೇ ಮಾಡಬೇಕು. ಮೂಳೆ ಬಿಟ್ಟುಕೊಂಡು ಬರಬೇಕು. ಅವರು ಕೇಳಿದ್ದು ಒಂದೇ ಒಂದು ಸಲ, ಆ ಒಂದು ಸಲದ್ದನ್ನು ಮುಟ್ಟಿಸಬೇಕು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬರುವುದು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರು ಉಣ್ಣುವವರೆಗೆ ಮನೆಯವರು ಯಾರೂ ಆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ರುಚಿ ನೋಡಿದರೆ ಎಂಜಲು. ತೀರಿಕೊಂಡವರನ್ನು ಆ ವರ್ಷದೊಳಗೇ ಎಡೆಗೆ ಸೇರಿಸಿಕೊಳ್ಳುವುದು ನಮ್ಮ ಮನೆಯ ಪದ್ಧತಿ, ಹಾಗಾಗಿ ಅತ್ತೆಗೆ ಅದು ಮೊದಲನೆಯ ಎಡೆ.

ಎಡೆಯ ಮೇಲುಸ್ತುವಾರಿಗೆ ಅತ್ತೆಯ ತಂಗಿ ಬಂದರು. ಆವತಿ ಊರಿನವರು, ಯಜಮಾನರಿಗೆ ಚಿಕ್ಕಮ್ಮ, ನನಗೆ ಚಿಕ್ಕತ್ತೆ. ಮಾತಿನಲ್ಲಿ ಅಕ್ಕನ ಪಡಿಯಚ್ಚು. ಬೆಳಿಗ್ಗೆ ಆರಕ್ಕೆ ನಾನು ಕೋಳಿ ತೊಳೆದು ಮಡಕೆಗೆ ಹಾಕುವುದನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಎಡೆ ಅಡಿಗೇನಾ ಇದರಾಗೆ ಮಾಡೋದು? ಬೆಂಕಿ ಕಾಣಲ್ಲ, ಹೊಗೆ ಕಾಣಲ್ಲ. ನಮ್ಮಕ್ಕ ಬಂದು ಒಲೆ ಎಲ್ಲಿ ಅಂದ್ರೆ ಪ್ಲಗ್ಗು ತೋರಿಸ್ತೀಯಾ?”

“ತೋರಿಸ್ತೀನಿ ಚಿಕ್ಕತ್ತೆ. ನೀವು ವಡೆ, ಕಜ್ಜಾಯ, ಏನು ಬೇಕೋ ನೋಡ್ಕೊಳಿ. ಸಾರಿನ ತಂಟೆಗೆ ಮಾತ್ರ ಬರಬೇಡಿ.”

ದನಿ ಸ್ವಲ್ಪ ಜೋರಾಗಿಯೇ ಬಂತು. ಯಜಮಾನರು ಬಾಗಿಲ ಹತ್ತಿರದಿಂದ, “ಬಿಡಿ ಚಿಕ್ಕಮ್ಮ, ಅವಳು ಅಡುಗೆ ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳಿದ್ದೇ ಹೆಚ್ಚು” ಅಂದರು. ಚಿಕ್ಕತ್ತೆಗೆ ನನ್ನ ಮುಖ ನೋಡಿ ಏನನ್ನಿಸಿತೋ, ವಡೆಯ ಬೇಳೆ ತೊಳೆಯಲು ಹೋದರು.

ಆ ದಿನ ನಾನು ಮೊದಲ ಬಾರಿಗೆ ಮನಸ್ಸಿಟ್ಟು ಅಡುಗೆ ಮಾಡಿದೆ. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟೆ, ಅತ್ತೆ ಸುಡುತ್ತಿದ್ದ ಹಾಗೆ. ಕಾಯಿ, ಹುರಿಗಡಲೆ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ ರುಬ್ಬುವಾಗ ಕಲ್ಲೇ ಬೇಕೆಂದು ಹಟ ಮಾಡಿ ಕೈ ಸೋಲುವವರೆಗೆ ರುಬ್ಬಿದೆ. ಖಾರದ ಪುಡಿಯ ಡಬ್ಬ ಕೊಡವಿ ಕೊನೆಯ ಚೂರನ್ನು ಹಾಕಿದೆ. ಮುಚ್ಚಳ ಹಾಕಿದ ಮೇಲೆ ಎಂಟು ಗಂಟೆ ಒಂದು ಸಲವೂ ತೆಗೆಯಲಿಲ್ಲ. ರಜೆ ಹಾಕಿದ್ದೆ, ಮಡಕೆಯ ಎದುರಿಗೆ ಕೂತೇ ಇದ್ದೆ. ಕರೆಂಟು ಹೋಗದಿರಲಿ ಅಂತ ಕಂಡಕಂಡ ದೇವರಿಗೆಲ್ಲ ಕೈಮುಗಿದೆ. ಹೋಗಲಿಲ್ಲ.

ಮಧ್ಯಾಹ್ನ ಮುಚ್ಚಳ ತೆಗೆದಾಗ ಚಿಕ್ಕತ್ತೆ ಬಗ್ಗಿ ಮೂಸಿದರು. “ವಾಸ್ನೆ ಬೋ ಚೆನ್ನಾಗೈತೆ ಕಣೇ. ಆದ್ರೂ ನಮ್ಮಕ್ಕನ ಮೂಗು ನಂಗಿಲ್ಲ ಬಿಡು, ಅವಳಾಗಿದ್ರೆ ಇಲ್ಲೇ ಹೇಳ್ಬಿಡೋಳು” ಅಂದರು.

ದೀಪ ಹಚ್ಚುವ ಹೊತ್ತಿಗೆ ಚಿಕ್ಕ ಕೋಣೆಯಲ್ಲಿ, ಮಂಚ ಇದ್ದ ಜಾಗದಲ್ಲಿ ಎಡೆ ಬಡಿಸಿದೆವು. ಮುದ್ದೆ, ಅನ್ನ, ವಡೆ, ಕಜ್ಜಾಯ, ಎಲೆಯಡಿಕೆ ಕಡ್ಡಿಪುಡಿ, ಹಸಿರು ಸೀರೆ. ಸಾರನ್ನು ದೊನ್ನೆಗೆ ಹಾಕಿ, ಕಾಲಿನ ತುಂಡನ್ನು ಇಡೀದಾಗಿ ಮುದ್ದೆಯ ಪಕ್ಕಕ್ಕಿಟ್ಟೆ. ಎಲೆಯ ತುದಿಗೆ ಬರೀ ಉಪ್ಪು ಬಡಿಸುವುದು ಮದುವೆಯೂಟಕ್ಕೆ ಸರಿ, ಹಿರಿಯರ ಎಡೆಗೆ ನಮ್ಮಲ್ಲಿ ಬಡಿಸುವುದಿಲ್ಲ. ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗುಲಿಗೆ ಬಂದು ಕೂತೆವು.

ನಾನು ಒಳಗೊಳಗೇ, ಬನ್ನಿ ಅತ್ತೆ, ಬೆಂದಿದೆ, ಈ ಸಲ ಬೆಂದಿದೆ ಅಂತ ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಕೇಳಿಸಿತು. ಟಕ್. ಮಗಳು ನನ್ನ ಕೈ ಹಿಡಿದುಕೊಂಡಳು.

“ಬಂದ್ಲು” ಅಂದರು ಚಿಕ್ಕತ್ತೆ, ಪಿಸುದನಿಯಲ್ಲಿ.

“ಮುಚ್ಚಳದ ಸದ್ದು ಚಿಕ್ಕಮ್ಮ” ಅಂದರು ಯಜಮಾನರು. ಆದರೆ ಮಡಕೆಯ ಪ್ಲಗ್ಗನ್ನು ನಾನು ಮಧ್ಯಾಹ್ನವೇ ತೆಗೆದಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಮೂರು ಸಲ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋದೆವು. ಸಾಂಬ್ರಾಣಿ ಹೊಗೆ ಇನ್ನೂ ತೇಲುತ್ತಿತ್ತು. ನಾನು ಮೊದಲು ನೋಡಿದ್ದು ಕಾಲಿನ ತುಂಡನ್ನು. ಇಡೀದಾಗಿ ಇಟ್ಟಿದ್ದ ಮಾಂಸ ಮೂಳೆಯಿಂದ ಜಾರಿ ಎಲೆಯ ಮೇಲೆ ಮಲಗಿತ್ತು, ಮೂಳೆ ಬಿಳಿಯಾಗಿ ಪಕ್ಕಕ್ಕೆ ಬಿದ್ದಿತ್ತು. “ನೋಡ್ರೀ, ಬಿಟ್ಕೊಂಡಿದೆ!” ಅಂತ ಮಗುವಿನ ಹಾಗೆ ಕೂಗಿದೆ. ಅಷ್ಟು ಸಂತೋಷ ನನಗೆ ಯಾವ ಅಡುಗೆಯಿಂದಲೂ ಆಗಿರಲಿಲ್ಲ. ಚಿಕ್ಕತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ತಿಂದವ್ಳೆ ಕಣೇ ನಮ್ಮಕ್ಕ, ಹೊಟ್ಟೆ ತುಂಬಾ ತಿಂದವ್ಳೆ.”

ಆಮೇಲೆ ನಾವು ಊಟಕ್ಕೆ ಕೂತೆವು. ಹಬ್ಬವೆಂದು ಅಲ್ಲೂ ಬಾಳೆಯೆಲೆ ಹಾಸಿದ್ದೆವು, ಎಡೆಯ ಗಡಿಬಿಡಿಯಲ್ಲಿ ಭರಣಿ ಮೂಲೆಗೆ ಸರಿದಿತ್ತು. ಯಜಮಾನರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ನುಂಗಿ ನನ್ನ ಕಡೆ ತಿರುಗಿದರು. ಚಿಕ್ಕತ್ತೆ ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ತುತ್ತು ಕಲಸಲು ಹೋದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಯಾಕೆ ಎಲ್ಲರೂ ಹೀಗೆ ನೋಡುತ್ತಿದ್ದಾರೆ ಅಂತ ನನಗೆ ಅರ್ಥವಾಗಲಿಲ್ಲ.

ಮಗಳು ಮೆಲ್ಲಗೆ, “ಅಮ್ಮ, ಉಪ್ಪು?” ಅಂದಳು.

ನಾನು ಸಾರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಸಪ್ಪೆ. ಒಂದು ಹರಳು ಉಪ್ಪಿಲ್ಲ. ಹನ್ನೊಂದು ತಿಂಗಳು ಅವರಿಗೆ ಕೊಡದೆ ಅಭ್ಯಾಸವಾದ ಕೈ, ಅವರು ಹೋದ ಮೇಲೂ ಎಂಟು ತಿಂಗಳು ಹಾಗೇ ನಡೆದ ಕೈ, ಎಡೆಯ ಸಾರಿಗೂ ಹಾಕಿರಲಿಲ್ಲ. ರುಚಿ ನೋಡುವಂತಿರಲಿಲ್ಲವಲ್ಲ, ಯಾರಿಗೂ ತಿಳಿಯಲಿಲ್ಲ. ಒಂದು ಚಿಟಿಕೆ ಉಪ್ಪು ಹಾಕು ಅಂದಿದ್ದರು. ಮೂಳೆ ಬಿಡಿಸುವುದೊಂದನ್ನೇ ನೆನಪಿಟ್ಟುಕೊಂಡು ಆ ಚಿಟಿಕೆಯನ್ನು ಮರೆತಿದ್ದೆ.

“ಇನ್ನೊಂದು ಎಲೆ ಹಾಕೋಣ ಚಿಕ್ಕತ್ತೆ” ಅಂತ ಎದ್ದೆ. “ಉಪ್ಪು ಹಾಕಿ ಮತ್ತೆ ಬಡಿಸ್ತೀನಿ. ಬಾಗಿಲು ಮುಚ್ಚೋಣ.”

“ಆಗಲ್ಲ ತಾಯಿ.” ಅವರ ದನಿಯಲ್ಲಿ ಬೈಗುಳ ಇರಲಿಲ್ಲ. “ಬಂದು ಉಂಡು ಎದ್ದುಹೋದವಳನ್ನ ಮತ್ತೆ ಕರೆಯಂಗಿಲ್ಲ. ನಾವೂ ಎಂಜಲು ಮಾಡಿದೀವಿ. ಇನ್ನ ಬರೋ ವರ್ಷಕ್ಕೇ.”

“ಸಪ್ಪೆ ತಿಂದು ಹೋದ್ರಲ್ಲ ಚಿಕ್ಕತ್ತೆ!”

“ತಿಂದು ಹೋದ್ಲಲ್ಲ, ಅದು ನೋಡು” ಅಂದರು ಅವರು. ಅದರಿಂದ ನನಗೆ ಸಮಾಧಾನ ಆಗಲಿಲ್ಲ.

ಎಡೆಗೆ ಇಟ್ಟದ್ದನ್ನು ಮನೆಯವರೇ ತಿನ್ನಬೇಕು. ಅತ್ತೆಯ ಎಲೆಯನ್ನು ನಾನೇ ಎಳೆದುಕೊಂಡು ಚಿಕ್ಕ ಕೋಣೆಯ ನೆಲದಲ್ಲಿ ಕೂತೆ. ಯಜಮಾನರು ಭರಣಿ ತಂದು ಪಕ್ಕಕ್ಕಿಟ್ಟು ಹೋದರು. ನಾನು ಅದನ್ನು ಮುಟ್ಟಲಿಲ್ಲ. ಅವರು ತಿಂದ ಹಾಗೇ, ಸಪ್ಪೆಯಾಗಿ, ಎಲ್ಲವನ್ನೂ ತಿಂದೆ. ಮಾಂಸ ಹಲ್ಲಿಲ್ಲದವರೂ ತಿನ್ನುವಷ್ಟು ಮೆತ್ತಗಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಗೋಡೆ ನೋಡಿದೆ. ‘ಅಜ್ಜಿಗೆ ಉಪ್ಪು ಹಾಕಬೇಡಿ.’ ಕೆಂಪಕ್ಷರ ಎಣ್ಣೆ ಜಿಡ್ಡಿಗೆ ಮಾಸಿತ್ತು. ದಿನಾ ಅದರ ಕೆಳಗೇ ನಿಂತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಉಗುರಿನಿಂದ ಕೆರೆದು ಕೆರೆದು ಕಿತ್ತೆ. ಅಂಟು ಗೋಡೆಯ ಬಣ್ಣವನ್ನೂ ಎಳೆದುಕೊಂಡು ಬಂತು.

ಭರಣಿ ಈಗ ಮತ್ತೆ ಅಡುಗೆಮನೆಯಲ್ಲಿದೆ. ಬೆಳಿಗ್ಗೆ ಆರಕ್ಕೆ ಕೋಳಿಗಿಂತ ಮೊದಲು ಉಪ್ಪು ಹಾಕುತ್ತೇನೆ. ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದು ಎಷ್ಟೋ ದಿನ ಎರಡೆರಡು ಸಲ ಹಾಕಿ, ಎಲ್ಲರೂ ಉಪ್ಪುಪ್ಪು ಸಾರನ್ನು ಮಾತಾಡದೆ ತಿಂದಿದ್ದಾರೆ. ಅದಕ್ಕೇ ಈಗ ಬಾಯಿಬಿಟ್ಟು ಹೇಳಿಯೇ ಮುಚ್ಚಳ ಹಾಕುತ್ತೇನೆ. “ಅತ್ತೆ, ಉಪ್ಪು ಹಾಕಿದೀನಿ.” ಕೆಂಪು ದೀಪ ಹತ್ತುತ್ತದೆ, ಬಸ್ಸು ಬರುತ್ತದೆ, ಬೀಗ ಹಾಕಿ ಓಡುತ್ತೇನೆ.

ಸಂಜೆ ಬಾಗಿಲು ತೆಗೆದರೆ ಆ ವಾಸನೆ ಬಂದೇ ಬರುತ್ತದೆ. “ಬಂದೆ” ಅನ್ನುತ್ತೇನೆ. ಮೊದಲಿನ ಹೆದರಿಕೆ ಈಗಿಲ್ಲ. ಕತ್ತಲಲ್ಲೇ ಮಡಕೆಯ ಹತ್ತಿರ ಹೋಗಿ, ಮುಚ್ಚಳ ಎತ್ತಿ, ಕಣ್ಣು ಮುಚ್ಚಿ ಮೂಗಿನಿಂದ ಎಳೆದುಕೊಳ್ಳುತ್ತೇನೆ. ಉಪ್ಪಿನ ವಾಸನೆ ನನಗೆ ಇನ್ನೂ ತಿಳಿಯುವುದಿಲ್ಲ. ಹಿರಿಯರ ಹಬ್ಬಕ್ಕೆ ಇನ್ನೂ ಏಳು ತಿಂಗಳಿದೆ, ಅಷ್ಟರೊಳಗೆ ಕಲಿಯಬೇಕು.